ಸಿಸಿಲಿಯಾ ಪೇನ್-ಗಪೋಷ್ಕಿನ್

ಸಿಸಿಲಿಯಾ ಹೆಲೆನಾ ಪೇನ್-ಗಪೋಷ್ಕಿನ್ (10 ಮೇ 1900 – 7 ಡಿಸೆಂಬರ್ 1979) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಖಗೋಳ ವಿಜ್ಞಾನಿ. ನಕ್ಷತ್ರಗಳ ಬೆಳಕಿನ ರೋಹಿತವನ್ನು ಪರಮಾಣು ಭೌತಶಾಸ್ತ್ರದ ನೆರವಿನಿಂದ ವಿಶ್ಲೇಷಿಸಿ, ಅವುಗಳಲ್ಲಿ ಯಾವ ಧಾತು ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಲೆಕ್ಕಹಾಕಿದವರಲ್ಲಿ ಇವರು ಮೊದಲಿಗರು. ನಕ್ಷತ್ರಗಳಲ್ಲಿ ಜಲಜನಕ ಮತ್ತು ಹೀಲಿಯಂಗಳು ಉಳಿದೆಲ್ಲ ಧಾತುಗಳಿಗಿಂತ ಅಪಾರವಾಗಿ ಹೆಚ್ಚಿವೆ ಎಂಬ ಫಲಿತಾಂಶ 1925ರಲ್ಲಿ ಇವರ ಡಾಕ್ಟರೇಟ್ ಪ್ರಬಂಧದಲ್ಲಿ ಮೊದಲು ಕಾಣಿಸಿಕೊಂಡಿತು. ಹಿರಿಯ ವಿಜ್ಞಾನಿಯೊಬ್ಬರ ಆಕ್ಷೇಪಣೆಯ ಕಾರಣದಿಂದ, ಆ ಫಲಿತಾಂಶ ನಿಜವಲ್ಲದಿರುವ ಸಂಭವವೇ ಹೆಚ್ಚೆಂದು ಇವರು ಅದೇ ಪ್ರಬಂಧದಲ್ಲಿ ಬರೆದರು. ನಾಲ್ಕು ವರ್ಷಗಳ ನಂತರ ಅದು ಸರಿಯೆಂದು ದೃಢಪಟ್ಟಿತು.

ಮುಂದೆ ಹೊಳಪು ಬದಲಾಗುವ ನಕ್ಷತ್ರಗಳ ಅಧ್ಯಯನದಲ್ಲಿಯೂ ಹೆಸರು ಮಾಡಿದ ಪೇನ್-ಗಪೋಷ್ಕಿನ್, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿಭಾಗವೊಂದರ ಮುಖ್ಯಸ್ಥರಾದ ಮೊದಲ ಮಹಿಳೆ. ವಿಶ್ವದ ಆದಿಕಾಲದಲ್ಲಿ ಹುಟ್ಟಿದ, ಲೋಹಾಂಶ ಅತ್ಯಲ್ಪವಾಗಿರುವ ನಕ್ಷತ್ರಗಳ ರಾಸಾಯನಿಕ ಸಂಯೋಜನೆಯನ್ನು ಇಂದು ಅಳೆಯುವ ವಿಧಾನಕ್ಕೆ ಬುನಾದಿ ಹಾಕಿದವರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ಶಾಲಾ ಶಿಕ್ಷಣ

ಸಿಸಿಲಿಯಾ ಪೇನ್ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದ ವೆಂಡೋವರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಜಾನ್ ಪೇನ್ ಲಂಡನ್ನಿನಲ್ಲಿ ವಕೀಲರಾಗಿದ್ದರು. ಇತಿಹಾಸಕಾರರೂ ಸಂಗೀತಜ್ಞರೂ ಆಗಿದ್ದರು. ತಾಯಿ ಎಮ್ಮಾ ಪರ್ಟ್ಸ್ ಪ್ರಷ್ಯಾ ಮೂಲದ ಮನೆತನಕ್ಕೆ ಸೇರಿದವರು. ಮೂವರು ಮಕ್ಕಳಲ್ಲಿ ಸಿಸಿಲಿಯಾ ಹಿರಿಯರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಲ್ಲಿಂದಾಚೆಗೆ ಸಂಸಾರದ ಹೊಣೆಯನ್ನು ತಾಯಿಯೊಬ್ಬರೇ ಹೊತ್ತರು. ತಮ್ಮ ಹಂಫ್ರಿ ಪೇನ್ ಮುಂದೆ ಪ್ರಾಚೀನ ಗ್ರೀಸಿನ ಪುರಾತತ್ತ್ವ ವಿದ್ವಾಂಸರಾಗಿ ಪ್ರಸಿದ್ಧರಾದರು.

ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕುಟುಂಬ ಲಂಡನ್ನಿಗೆ ಸ್ಥಳಾಂತರಗೊಂಡಿತು. ಸಿಸಿಲಿಯಾ ಮೊದಲು ಸೇರಿದ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನವನ್ನು ಆಳವಾಗಿ ಕಲಿಯುವ ಅವಕಾಶವಿರಲಿಲ್ಲ. 1918ರಲ್ಲಿ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಗೆ ಸೇರಿದ ಮೇಲೆ ಅವರಿಗೆ ಆ ಅವಕಾಶ ದೊರೆಯಿತು. ಅಲ್ಲಿ ಸಂಗೀತ ಕಲಿಸುತ್ತಿದ್ದವರು ಹೆಸರಾಂತ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್. ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವಂತೆ ಅವರು ಸಿಸಿಲಿಯಾರನ್ನು ಪ್ರೋತ್ಸಾಹಿಸಿದರು. ಆದರೆ ಸಿಸಿಲಿಯಾ ವಿಜ್ಞಾನವನ್ನೇ ಆರಿಸಿಕೊಂಡರು.

ಕೇಂಬ್ರಿಜ್‌ನಲ್ಲಿ

1919ರಲ್ಲಿ ವಿದ್ಯಾರ್ಥಿವೇತನ ಪಡೆದು ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಸಸ್ಯಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಅವರು ಆಗ ಆರಿಸಿಕೊಂಡ ವಿಷಯಗಳು. ಅದೇ ವರ್ಷದ ಮೇ ತಿಂಗಳಲ್ಲಿ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಆಫ್ರಿಕದ ಪಶ್ಚಿಮ ತೀರದಾಚೆಯ ಪ್ರಿನ್ಸಿಪೆ ದ್ವೀಪಕ್ಕೆ ತೆರಳಿ ಸಂಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಿದ್ದರು. ಸೂರ್ಯನ ಸಮೀಪದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆ ಎಂಬ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಮುನ್ಸೂಚನೆಯನ್ನು ಪರೀಕ್ಷಿಸುವುದು ಆ ಯಾತ್ರೆಯ ಉದ್ದೇಶವಾಗಿತ್ತು. ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ ಈ ಕುರಿತು ನೀಡಿದ ಉಪನ್ಯಾಸವನ್ನು ಕೇಳಿದ ಸಿಸಿಲಿಯಾ, ಕೋಣೆಗೆ ಮರಳಿ ಅದನ್ನು ಬಹುಮಟ್ಟಿಗೆ ಪೂರ್ತಿಯಾಗಿ ನೆನಪಿನಿಂದಲೇ ಬರೆದಿಟ್ಟರು. ಸಸ್ಯಶಾಸ್ತ್ರದ ಕಡೆಗಿದ್ದ ಅವರ ಒಲವು ಅಲ್ಲಿಂದ ಭೌತಶಾಸ್ತ್ರ ಮತ್ತು ಖಗೋಳ ವಿಜ್ಞಾನದ ಕಡೆಗೆ ತಿರುಗಿತು.

ಭೌತಶಾಸ್ತ್ರದ ತರಗತಿಗಳಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಮೊದಲಾದವರು ಪಾಠ ಹೇಳುತ್ತಿದ್ದರು. ಮಹಿಳೆಯರು ಮುಂದಿನ ಸಾಲಿನಲ್ಲಿ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕೆಂಬ ನಿಯಮವಿದ್ದುದರಿಂದ, ಆ ತರಗತಿಯ ಏಕೈಕ ವಿದ್ಯಾರ್ಥಿನಿಯಾಗಿದ್ದ ಸಿಸಿಲಿಯಾ ಒಬ್ಬರೇ ಅಲ್ಲಿ ಕುಳಿತು, ಹಿಂದಿನ ಸಾಲುಗಳ ಹುಡುಗರ ಗೇಲಿಯನ್ನು ಸಹಿಸಬೇಕಾಗಿತ್ತು. ಅವರು ವ್ಯಾಸಂಗ ಮುಗಿಸಿದರೂ ಪದವಿ ದೊರೆಯಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪೂರ್ಣ ಪದವಿ ನೀಡಲು ಆರಂಭಿಸಿದ್ದು 1948ರಲ್ಲಿ. ಇಂಗ್ಲೆಂಡಿನಲ್ಲಿ ಉಳಿದರೆ ಶಾಲಾ ಶಿಕ್ಷಕಿಯಾಗುವುದರ ಹೊರತು ತಮಗೆ ಬೇರೆ ದಾರಿ ಇರಲಾರದೆಂದು ಅವರಿಗೆ ಮನವರಿಕೆಯಾಯಿತು.

ಹಾರ್ವರ್ಡ್ ವೀಕ್ಷಣಾಲಯಕ್ಕೆ

ಅಮೆರಿಕದ ಹಾರ್ವರ್ಡ್ ಕಾಲೇಜು ವೀಕ್ಷಣಾಲಯದ ನಿರ್ದೇಶಕ ಹಾರ್ಲೋ ಶಾಪ್ಲಿ ಲಂಡನ್ನಿಗೆ ಬಂದು ಉಪನ್ಯಾಸ ನೀಡಿದಾಗ ಸಿಸಿಲಿಯಾ ಅವರನ್ನು ಕಂಡು, ಅವರ ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಇಚ್ಛೆಯನ್ನು ತಿಳಿಸಿದರು. ಶಾಪ್ಲಿ ಆಗತಾನೇ ಅಲ್ಲಿ ಖಗೋಳ ವಿಜ್ಞಾನದ ಉನ್ನತ ವ್ಯಾಸಂಗವನ್ನು ಆರಂಭಿಸುವ ಸಿದ್ಧತೆಯಲ್ಲಿದ್ದರು. ಮಹಿಳೆಯರಿಗೆಂದು ಮೀಸಲಾಗಿದ್ದ ಪಿಕರಿಂಗ್ ವಿದ್ಯಾರ್ಥಿವೇತನದ ನೆರವಿನಿಂದ 1923ರಲ್ಲಿ ಸಿಸಿಲಿಯಾ ಅಮೆರಿಕಕ್ಕೆ ತೆರಳಿದರು.

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಕಾಶದ ಛಾಯಾಚಿತ್ರಗಳನ್ನು ಹೊತ್ತ ಗಾಜಿನ ಫಲಕಗಳ ಬಹುದೊಡ್ಡ ಸಂಗ್ರಹವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದಲೂ ಅಲ್ಲಿ ಮಹಿಳೆಯರ ತಂಡವೊಂದು ಆ ಫಲಕಗಳನ್ನು ಪರಿಶೀಲಿಸುತ್ತ ಬಂದಿತ್ತು. ಅವರಲ್ಲಿ ಒಬ್ಬರಾದ ಆ್ಯನಿ ಜಂಪ್ ಕ್ಯಾನನ್ ಎರಡು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ರೋಹಿತಗಳನ್ನು ಕಣ್ಣಳತೆಯಿಂದಲೇ ವರ್ಗೀಕರಿಸಿದ್ದರು. ಆ ಪಟ್ಟಿ ಹೆನ್ರಿ ಡ್ರೇಪರ್ ಪಟ್ಟಿ ಎಂಬ ಹೆಸರಿನಲ್ಲಿ 1918ರಿಂದ 1924ರವರೆಗೆ ಸಂಪುಟಗಳಾಗಿ ಪ್ರಕಟವಾಯಿತು. ಹೀಗೆ ವರ್ಗೀಕರಣ ನಡೆದಿತ್ತಾದರೂ ಒಂದೊಂದು ವರ್ಗದ ರೋಹಿತ ಒಂದೊಂದು ಬಗೆಯಾಗಿ ಇರುವುದೇಕೆ ಎಂಬುದಕ್ಕೆ ವಿವರಣೆ ದೊರೆತಿರಲಿಲ್ಲ. ಪೇನ್ ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನು.

ರೋಹಿತದ ಸಮಸ್ಯೆ

ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ದೊರೆಯುವ ಬಣ್ಣದ ಪಟ್ಟಿಯೇ ರೋಹಿತ. ಅದರ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರದ ಹೊರಪದರದಲ್ಲಿರುವ ಪರಮಾಣುಗಳು ತಮಗೆ ಒಗ್ಗುವ ನಿರ್ದಿಷ್ಟ ಬಣ್ಣಗಳನ್ನಷ್ಟೇ ಹೀರಿಕೊಳ್ಳುವುದರಿಂದ ಈ ಗೆರೆಗಳು ಮೂಡುತ್ತವೆ. ಒಂದೊಂದು ಧಾತುವಿನ ಗೆರೆಗಳ ವಿನ್ಯಾಸ ಒಂದೊಂದು ಬಗೆ. ಆದ್ದರಿಂದ ಗೆರೆಗಳ ಸ್ಥಾನವನ್ನು ನೋಡಿ ಯಾವ ಧಾತು ಇದೆ ಎಂಬುದನ್ನು ಹೇಳುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಾಧ್ಯವಾಗಿತ್ತು. ಆದರೆ ಆ ಧಾತು ಎಷ್ಟಿದೆ ಎಂಬುದನ್ನು ಹೇಳುವುದು ಸುಲಭವಾಗಿರಲಿಲ್ಲ.

ಸೂರ್ಯನ ರೋಹಿತದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಮೊದಲಾದ ಲೋಹಗಳ ಗೆರೆಗಳು ಎದ್ದುಕಾಣುತ್ತವೆ. ಭೂಮಿಯಲ್ಲಿಯೂ ಈ ಲೋಹಗಳು ಹೇರಳ. ಆದ್ದರಿಂದ ಸೂರ್ಯನೂ ಭೂಮಿಯೂ ಹೆಚ್ಚುಕಡಿಮೆ ಒಂದೇ ಬಗೆಯ ವಸ್ತುವಿನಿಂದ ಆಗಿವೆ, ಸೂರ್ಯನಲ್ಲಿ ಅದು ಕಾದು ಅನಿಲರೂಪದಲ್ಲಿದೆ ಅಷ್ಟೆ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬೇರೂರಿತ್ತು. ಗೆರೆ ದಟ್ಟವಾಗಿದ್ದರೆ ಧಾತುವೂ ಹೆಚ್ಚಾಗಿದೆ ಎಂಬ ಊಹೆ ಇದರ ಹಿಂದಿತ್ತು.

ಈ ಊಹೆ ಸಾಲದೆಂದು ತೋರಿಸಿಕೊಟ್ಟವರು ಭಾರತದ ಭೌತವಿಜ್ಞಾನಿ ಮೇಘನಾದ ಸಹಾ. ಅನಿಲವನ್ನು ಕಾಯಿಸುತ್ತ ಹೋದಂತೆ ಅದರ ಪರಮಾಣುಗಳು ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನುಗಳಾಗುತ್ತವೆ. ಯಾವ ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ, ಎಷ್ಟು ಪಾಲು ಪರಮಾಣುಗಳು ಹೀಗೆ ಅಯಾನೀಕರಣಗೊಂಡಿರುತ್ತವೆ ಎಂಬುದನ್ನು ತಿಳಿಸುವ ಸಮೀಕರಣವನ್ನು ಸಹಾ 1920ರಲ್ಲಿ ಪ್ರಕಟಿಸಿದರು. ಪರಮಾಣುವಿನ ಗೆರೆಗಳೇ ಬೇರೆ, ಅದರ ಅಯಾನಿನ ಗೆರೆಗಳೇ ಬೇರೆ. ಆದುದರಿಂದ ಗೆರೆಯ ದಟ್ಟತೆ ಧಾತುವಿನ ಪ್ರಮಾಣವನ್ನು ಮಾತ್ರವಲ್ಲದೆ ಉಷ್ಣತೆಯನ್ನೂ ಒತ್ತಡವನ್ನೂ ಅವಲಂಬಿಸಿರುತ್ತದೆ. ಇಂಗ್ಲೆಂಡಿನ ರಾಲ್ಫ್ ಫೌಲರ್ ಮತ್ತು ಎಡ್ವರ್ಡ್ ಆರ್ಥರ್ ಮಿಲ್ನ್ ಈ ಸಿದ್ಧಾಂತವನ್ನು 1923ರ ಹೊತ್ತಿಗೆ ಮತ್ತಷ್ಟು ವಿಸ್ತರಿಸಿದರು. ಕೇಂಬ್ರಿಜ್‌ನಲ್ಲಿದ್ದಾಗಲೇ ಪೇನ್‌ಗೆ ಈ ಕೆಲಸಗಳ ಪರಿಚಯವಿತ್ತು. ಹಾರ್ವರ್ಡ್‌ನ ಫಲಕಗಳಿಗೆ ಈ ಸಿದ್ಧಾಂತವನ್ನು ಅನ್ವಯಿಸುವುದು ಅವರ ಸಂಶೋಧನೆಯ ಗುರಿಯಾಯಿತು.

ಡಾಕ್ಟರೇಟ್ ಪ್ರಬಂಧ

ಬಿಸಿಯಾದ ನೀಲಿ ನಕ್ಷತ್ರಗಳಿಂದ ಹಿಡಿದು ತಣ್ಣನೆಯ ಕೆಂಪು ನಕ್ಷತ್ರಗಳವರೆಗೆ ವಿವಿಧ ವರ್ಗಗಳ ರೋಹಿತಗಳಲ್ಲಿ ಒಂದೊಂದು ಗೆರೆಯೂ ಎಲ್ಲಿ ಮಸುಕಾಗಿ ಕಾಣತೊಡಗುತ್ತದೆ, ಎಲ್ಲಿ ಅತ್ಯಂತ ದಟ್ಟವಾಗುತ್ತದೆ, ಎಲ್ಲಿ ಮರೆಯಾಗುತ್ತದೆ ಎಂಬುದನ್ನು ಪೇನ್ ಅಂದಾಜು ಮಾಡಿದರು. ಗೆರೆ ಅತ್ಯಂತ ದಟ್ಟವಾಗುವ ವರ್ಗವನ್ನು ಸಿದ್ಧಾಂತದೊಡನೆ ಹೋಲಿಸಿ ನಕ್ಷತ್ರ ವರ್ಗಗಳ ಉಷ್ಣತೆಯ ಕ್ರಮವನ್ನು ನಿರ್ಧರಿಸಿದರು. ರೋಹಿತಗಳು ಒಂದಕ್ಕಿಂತ ಒಂದು ಅಷ್ಟೊಂದು ಭಿನ್ನವಾಗಿ ಕಾಣಲು ಮುಖ್ಯ ಕಾರಣ ಸಂಯೋಜನೆಯ ವ್ಯತ್ಯಾಸವಲ್ಲ, ಉಷ್ಣತೆಯ ವ್ಯತ್ಯಾಸ ಎಂಬುದು ಇದರಿಂದ ಸ್ಪಷ್ಟವಾಯಿತು. ಗೆರೆ ಮಸುಕಾಗಿ ಕಾಣತೊಡಗುವ ಹಂತವನ್ನು ಆಧಾರವಾಗಿಟ್ಟುಕೊಂಡು ಅವರು 18 ಧಾತುಗಳ ಸಾಪೇಕ್ಷ ಪ್ರಮಾಣವನ್ನು ಲೆಕ್ಕಹಾಕಿದರು.

ಸಿಲಿಕಾನ್, ಇಂಗಾಲ ಮತ್ತು ಸಾಮಾನ್ಯ ಲೋಹಗಳ ಮಟ್ಟಿಗೆ ಫಲಿತಾಂಶ ನಿರೀಕ್ಷೆಯಂತೆಯೇ ಇತ್ತು. ಅವುಗಳ ಪರಸ್ಪರ ಪ್ರಮಾಣ ಭೂಮಿಯಲ್ಲಿರುವುದಕ್ಕೆ ಸಾಕಷ್ಟು ಹೊಂದುತ್ತಿತ್ತು. ಆದರೆ ಹೀಲಿಯಂ ಬಹಳ ಹೆಚ್ಚಾಗಿಯೂ, ಜಲಜನಕವು ಲೋಹಗಳ ಸುಮಾರು ಹತ್ತು ಲಕ್ಷ ಪಟ್ಟಿನಷ್ಟಾಗಿಯೂ ಕಂಡುಬಂದವು.

ಈ ಲೆಕ್ಕಾಚಾರದ ತರ್ಕವನ್ನು ಸೂರ್ಯನ ಉದಾಹರಣೆಯಿಂದ ತಿಳಿಯಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗೆರೆ ಮೂಡಿಸಬೇಕಾದರೆ ಜಲಜನಕದ ಪರಮಾಣು ಮೊದಲೇ ಶಕ್ತಿಯನ್ನು ಪಡೆದು ಎರಡನೆಯ ಶಕ್ತಿಮಟ್ಟಕ್ಕೆ ಏರಿರಬೇಕು. ಸೂರ್ಯನ ಮೇಲ್ಮೈಯ ಸುಮಾರು 5,800 ಕೆಲ್ವಿನ್ ಉಷ್ಣತೆಯಲ್ಲಿ ಹಾಗೆ ಏರಿರುವ ಪರಮಾಣು ಸುಮಾರು ಇಪ್ಪತ್ತು ಕೋಟಿಯಲ್ಲಿ ಒಂದು ಮಾತ್ರ. ಕ್ಯಾಲ್ಸಿಯಂ ವಿಷಯ ಇದಕ್ಕೆ ವಿರುದ್ಧವಾದುದು. ಆ ಉಷ್ಣತೆಯಲ್ಲಿ ಬಹುತೇಕ ಎಲ್ಲ ಕ್ಯಾಲ್ಸಿಯಂ ಪರಮಾಣುಗಳೂ ಒಂದು ಇಲೆಕ್ಟ್ರಾನನ್ನು ಕಳೆದುಕೊಂಡು, ದಟ್ಟವಾದ ಗೆರೆಯನ್ನು ಮೂಡಿಸಲು ಸಿದ್ಧವಾದ ಸ್ಥಿತಿಯಲ್ಲಿರುತ್ತವೆ. ಹೀಗಾಗಿ ಸ್ವಲ್ಪವೇ ಇರುವ ಕ್ಯಾಲ್ಸಿಯಂ ಎದ್ದುಕಾಣುತ್ತದೆ. ಅದರ ಲಕ್ಷಾಂತರ ಪಟ್ಟು ಇರುವ ಜಲಜನಕ ಹಿಂದೆ ಉಳಿಯುತ್ತದೆ. ಇಪ್ಪತ್ತು ಕೋಟಿಯಲ್ಲಿ ಒಂದು ಪರಮಾಣು ಮಾತ್ರ ಕೆಲಸ ಮಾಡಿಯೂ ಜಲಜನಕದ ಗೆರೆಗಳು ಅಷ್ಟು ಸ್ಪಷ್ಟವಾಗಿ ಕಾಣುತ್ತವೆಂದಾದರೆ ಒಟ್ಟು ಜಲಜನಕ ಊಹೆಗೂ ಮೀರಿದಷ್ಟು ಇರಲೇಬೇಕಾಗುತ್ತದೆ.

ರಸೆಲ್ ಅವರ ಆಕ್ಷೇಪಣೆ

ಪ್ರಬಂಧದ ಕರಡನ್ನು ಶಾಪ್ಲಿ ತಮ್ಮ ಗುರುಗಳೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿದ್ದ ಹೆನ್ರಿ ನಾರಿಸ್ ರಸೆಲ್ ಅವರಿಗೆ ಕಳುಹಿಸಿದರು. ನಕ್ಷತ್ರಗಳ ರೋಹಿತದ ವಿಷಯದಲ್ಲಿ ಆಗ ಅಮೆರಿಕದಲ್ಲಿ ರಸೆಲ್ ಅವರ ಮಾತಿಗೆ ಎದುರಿರಲಿಲ್ಲ. ಪ್ರಬಂಧದ ಉಳಿದ ಭಾಗವನ್ನು ಮೆಚ್ಚಿಕೊಂಡ ಅವರು, ಜಲಜನಕ ಲೋಹಗಳಿಗಿಂತ ಹತ್ತು ಲಕ್ಷ ಪಟ್ಟು ಹೆಚ್ಚಿದೆ ಎಂಬುದು ಅಸಾಧ್ಯವೆಂದು ಅಭಿಪ್ರಾಯಪಟ್ಟು, ಸಿದ್ಧಾಂತದಲ್ಲಿಯೇ ಎಲ್ಲೋ ಲೋಪವಿರಬೇಕೆಂದು ಸೂಚಿಸಿದರು. ಸೂರ್ಯ ಮತ್ತು ಭೂಮಿಗಳ ಸಂಯೋಜನೆ ಒಂದೇ ಎಂಬ ರೂಢಿಯ ಅಭಿಪ್ರಾಯವನ್ನೇ ರಸೆಲ್ ಅವರೂ ಹೊಂದಿದ್ದರು.

ಪೇನ್‌ಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರ ಮುಂದಿನ ಬದುಕು ಈ ಪ್ರಬಂಧವನ್ನೇ ನೆಚ್ಚಿಕೊಂಡಿತ್ತು. ಲೆಕ್ಕದಿಂದ ದೊರೆತ ಅಂಕಿಗಳನ್ನು ಅವರು ಪ್ರಬಂಧದಲ್ಲಿ ಹಾಗೆಯೇ ಉಳಿಸಿಕೊಂಡರು. ಆದರೆ ಜಲಜನಕ ಮತ್ತು ಹೀಲಿಯಂಗಳಿಗೆ ಸಂಬಂಧಿಸಿದ ಅಂಕಿಗಳು ಬಹುಮಟ್ಟಿಗೆ ನಿಜವಲ್ಲವೆಂಬ ವಾಕ್ಯವನ್ನು ಸೇರಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯ ಆಗ ಮಹಿಳೆಯರಿಗೆ ಪದವಿ ನೀಡುತ್ತಿರಲಿಲ್ಲವಾದ್ದರಿಂದ, ಅದಕ್ಕೆ ಹೊಂದಿಕೊಂಡಿದ್ದ ಮಹಿಳೆಯರ ಕಾಲೇಜಾದ ರ್‍ಯಾಡ್‌ಕ್ಲಿಫ್ 1925ರಲ್ಲಿ ಅವರಿಗೆ ಡಾಕ್ಟರೇಟ್ ಪ್ರದಾನ ಮಾಡಿತು. ಆ ಕಾಲೇಜಿನಿಂದ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಅವರೇ ಮೊದಲಿಗರು. ಸ್ಟೆಲ್ಲರ್ ಅಟ್ಮಾಸ್ಫಿಯರ್ಸ್ ಎಂಬ ಹೆಸರಿನ ಪ್ರಬಂಧವು ಅದೇ ವರ್ಷ ಹಾರ್ವರ್ಡ್ ವೀಕ್ಷಣಾಲಯದ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಪ್ರಕಟವಾಯಿತು.

ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಮೂಲಗಳಿಂದ ಜಲಜನಕದ ಆಧಿಕ್ಯಕ್ಕೆ ಪುರಾವೆಗಳು ಸೇರುತ್ತ ಬಂದವು. ರಸೆಲ್ ಸ್ವತಃ ಸೂರ್ಯನ ರೋಹಿತವನ್ನು ಬೇರೊಂದು ವಿಧಾನದಿಂದ ವಿಶ್ಲೇಷಿಸಿ, 56 ಧಾತುಗಳ ಪ್ರಮಾಣವನ್ನು ಅಂದಾಜು ಮಾಡಿ, ಸೂರ್ಯನ ವಾತಾವರಣದಲ್ಲಿ ಜಲಜನಕವೇ ಪ್ರಧಾನ ಎಂಬ ತೀರ್ಮಾನಕ್ಕೆ ಬಂದರು. 1929ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಅವರು ಪೇನ್ ಅವರ ಕೆಲಸವನ್ನು ಉಲ್ಲೇಖಿಸಿ, ತಮ್ಮ ಫಲಿತಾಂಶ ಅದಕ್ಕೆ ಹೊಂದುತ್ತದೆ ಎಂಬುದನ್ನೂ ಒಪ್ಪಿಕೊಂಡರು. ಆದರೂ ಈ ಶೋಧದ ಕೀರ್ತಿ ಬಹುಕಾಲ ರಸೆಲ್ ಅವರಿಗೇ ಸಲ್ಲುತ್ತಿತ್ತು. ಇಂದಿನ ಅಳತೆಗಳ ಪ್ರಕಾರ ಸೂರ್ಯನ ದ್ರವ್ಯರಾಶಿಯಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕ, ಹೆಚ್ಚುಕಡಿಮೆ ಕಾಲು ಪಾಲು ಹೀಲಿಯಂ. ಉಳಿದೆಲ್ಲ ಧಾತುಗಳೂ ಸೇರಿ ಶೇಕಡಾ 2ಕ್ಕಿಂತ ಕಡಿಮೆ.

ತಾವು ಸರಿಯೆಂದು ನಂಬಿದ್ದರೂ ಹಿರಿಯರ ಅಭಿಪ್ರಾಯಕ್ಕೆ ಮಣಿದದ್ದಕ್ಕೆ ಪೇನ್ ತಮ್ಮ ಆತ್ಮಕಥನದಲ್ಲಿ ಬೇರೆ ಯಾರನ್ನೂ ದೂಷಿಸದೆ ತಮ್ಮನ್ನೇ ಹೊಣೆಯಾಗಿಸಿಕೊಂಡಿದ್ದಾರೆ. ತಮ್ಮ ಬಳಿಯಿರುವ ಪುರಾವೆಯ ಬಗ್ಗೆ ಖಾತರಿಯಿದ್ದವರು ತಮ್ಮ ನಿಲುವನ್ನು ಬಿಟ್ಟುಕೊಡಬಾರದೆಂಬ ಕಿವಿಮಾತನ್ನೂ ಎಳೆಯ ಸಂಶೋಧಕರಿಗೆ ಹೇಳಿದ್ದಾರೆ.

ನಂತರದ ಸಂಶೋಧನೆ

ಡಾಕ್ಟರೇಟ್ ಪಡೆದ ಬಳಿಕವೂ ಪೇನ್ ಹಾರ್ವರ್ಡ್‌ನಲ್ಲಿಯೇ ಉಳಿದರು. ಅತಿ ಪ್ರಕಾಶಮಾನ ನಕ್ಷತ್ರಗಳನ್ನು ಕುರಿತ ಅವರ ಎರಡನೆಯ ಗ್ರಂಥ 1930ರಲ್ಲಿ ಹೊರಬಂದಿತು. ಆನಂತರ ಅವರ ಗಮನ ಹೊಳಪು ಏರಿಳಿಯುವ ಚಂಚಲ ನಕ್ಷತ್ರಗಳ ಕಡೆಗೆ ಹೊರಳಿತು. ಪತಿ ಸೆರ್ಗೆಯ್ ಗಪೋಷ್ಕಿನ್ ಮತ್ತು ಸಹಾಯಕರೊಂದಿಗೆ ಹಾರ್ವರ್ಡ್‌ನ ಗಾಜಿನ ಫಲಕಗಳನ್ನು ಪರಿಶೀಲಿಸಿ ಇಂಥ ನಕ್ಷತ್ರಗಳ ಹೊಳಪನ್ನು ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಬಾರಿ ಅಂದಾಜು ಮಾಡಿದರು. ಮುಂದೆ ನಮ್ಮ ನಕ್ಷತ್ರಮಂಡಲದ ನೆರೆಯ ಮೆಗೆಲ್ಲನ್ ಮೋಡಗಳಲ್ಲಿರುವ ಚಂಚಲ ನಕ್ಷತ್ರಗಳಿಗಾಗಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಂದಾಜುಗಳನ್ನು ದಾಖಲಿಸಿದರು. ನಕ್ಷತ್ರಗಳು ಕಾಲಾಂತರದಲ್ಲಿ ಹೇಗೆ ಬದಲಾಗುತ್ತವೆ ಎಂಬುದನ್ನು ತಿಳಿಯಲು ಈ ದಾಖಲೆಗಳು ನೆರವಾದವು.

ಗಂಡ ಹೆಂಡತಿ ಇಬ್ಬರೂ ಸೇರಿ ಬರೆದ ಚಂಚಲ ನಕ್ಷತ್ರಗಳ ಗ್ರಂಥ 1938ರಲ್ಲಿ ಪ್ರಕಟವಾಯಿತು. ನವತಾರೆಗಳನ್ನು ಕುರಿತ ಗ್ರಂಥ 1957ರಲ್ಲಿ ಬಂದಿತು. 1952ರ ಸ್ಟಾರ್ಸ್ ಇನ್ ದ ಮೇಕಿಂಗ್ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕ. 1954ರಲ್ಲಿ ಖಗೋಳ ವಿಜ್ಞಾನದ ಪಠ್ಯಪುಸ್ತಕವೊಂದನ್ನು ಹೊರತಂದರು.

ಹಾರ್ವರ್ಡ್‌ನಲ್ಲಿ ಸ್ಥಾನಮಾನ

ಸಂಶೋಧನೆಯಲ್ಲಿ ಹೆಸರು ಬಂದರೂ ಹುದ್ದೆಯ ವಿಷಯದಲ್ಲಿ ಪೇನ್ ಬಹುಕಾಲ ಕಾಯಬೇಕಾಯಿತು. ಆರಂಭದ ವರ್ಷಗಳಲ್ಲಿ ಅವರು ಶಾಪ್ಲಿ ಅವರ ತಾಂತ್ರಿಕ ಸಹಾಯಕಿ ಎಂಬ ನೆಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿದರು. ತರಗತಿಗಳಲ್ಲಿ ಪಾಠ ಹೇಳುತ್ತಿದ್ದರೂ ಅವರು ಕಲಿಸುತ್ತಿದ್ದ ವಿಷಯಗಳು 1945ರವರೆಗೆ ವಿಶ್ವವಿದ್ಯಾಲಯದ ಪಠ್ಯಸೂಚಿಯಲ್ಲಿ ನಮೂದಾಗುತ್ತಿರಲಿಲ್ಲ. 1938ರಲ್ಲಿ ಅವರಿಗೆ ಖಗೋಳ ವಿಜ್ಞಾನಿ ಎಂಬ ಅಧಿಕೃತ ಪದನಾಮ ದೊರೆಯಿತು.

1954ರಲ್ಲಿ ಡೊನಾಲ್ಡ್ ಮೆಂಜೆಲ್ ವೀಕ್ಷಣಾಲಯದ ನಿರ್ದೇಶಕರಾದ ಮೇಲೆ ಪೇನ್-ಗಪೋಷ್ಕಿನ್ ಅವರ ಸ್ಥಾನಮಾನವನ್ನು ಸರಿಪಡಿಸುವ ಪ್ರಯತ್ನ ನಡೆಯಿತು. 1956ರಲ್ಲಿ ಅವರು ಪೂರ್ಣ ಪ್ರಾಧ್ಯಾಪಕರಾದರು. ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ನಿಕಾಯದಲ್ಲಿ ಒಳಗಿನಿಂದಲೇ ಬಡ್ತಿ ಪಡೆದು ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಅನಂತರ ಖಗೋಳ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಡಾಕ್ಟರೇಟ್ ಪಡೆದು ಅಷ್ಟು ಹೊತ್ತಿಗೆ ಮೂವತ್ತೊಂದು ವರ್ಷಗಳು ಕಳೆದಿದ್ದವು. ಭೂಮಿಯಾಚೆಗಿನ ಬುದ್ಧಿಜೀವಿಗಳ ಸಂಕೇತಗಳಿಗಾಗಿ ಹುಡುಕಾಟ ನಡೆಸಿ ಹೆಸರಾದ ಫ್ರ್ಯಾಂಕ್ ಡ್ರೇಕ್ ಅವರ ಶಿಷ್ಯರಲ್ಲೊಬ್ಬರು. 1966ರಲ್ಲಿ ನಿವೃತ್ತರಾದ ಬಳಿಕವೂ ಅವರು ಸ್ಮಿತ್‌ಸೋನಿಯನ್ ಖಭೌತ ವೀಕ್ಷಣಾಲಯದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು.

ಕುಟುಂಬ ಜೀವನ

ಪೇನ್ 1931ರಲ್ಲಿ ಅಮೆರಿಕದ ಪೌರತ್ವ ಪಡೆದರು. 1933ರಲ್ಲಿ ಯುರೋಪಿನ ಪ್ರವಾಸದಲ್ಲಿದ್ದಾಗ ಜರ್ಮನಿಯ ಗಟಿಂಗೆನ್‌ನಲ್ಲಿ ನಡೆದ ಖಗೋಳ ವಿಜ್ಞಾನಿಗಳ ಸಮಾವೇಶದಲ್ಲಿ ಅವರಿಗೆ ಸೆರ್ಗೆಯ್ ಗಪೋಷ್ಕಿನ್ ಅವರ ಭೇಟಿಯಾಯಿತು. ರಷ್ಯ ಮೂಲದ ಖಗೋಳ ವಿಜ್ಞಾನಿಯಾದ ಗಪೋಷ್ಕಿನ್‌ಗೆ ನಾಜಿ ಆಡಳಿತದ ಜರ್ಮನಿಯಲ್ಲಿ ಉಳಿಯುವುದು ಕಷ್ಟವಾಗಿತ್ತು. ಅಮೆರಿಕಕ್ಕೆ ಬರಲು ಅವರಿಗೆ ವೀಸಾ ದೊರಕಿಸಿಕೊಡುವಲ್ಲಿ ಪೇನ್ ನೆರವಾದರು. 1934ರ ಮಾರ್ಚ್ ತಿಂಗಳಲ್ಲಿ ಇಬ್ಬರೂ ವಿವಾಹವಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ನೆಲೆಸಿದರು. ಎಡ್ವರ್ಡ್, ಕ್ಯಾಥರಿನ್ ಮತ್ತು ಪೀಟರ್ ಎಂಬ ಮೂವರು ಮಕ್ಕಳು ಈ ದಂಪತಿಗಳಿಗೆ ಜನಿಸಿದರು.

ಲೋಹವಿರಳ ನಕ್ಷತ್ರಗಳ ಅಧ್ಯಯನಕ್ಕೆ ಬುನಾದಿ

ಖಗೋಳ ವಿಜ್ಞಾನದಲ್ಲಿ ಜಲಜನಕ ಮತ್ತು ಹೀಲಿಯಂಗಳನ್ನು ಬಿಟ್ಟು ಉಳಿದೆಲ್ಲ ಧಾತುಗಳನ್ನೂ ಲೋಹ ಎಂದೇ ಕರೆಯುವುದು ವಾಡಿಕೆ. ಪೇನ್ ಪರಿಶೀಲಿಸಿದ ನಕ್ಷತ್ರಗಳಲ್ಲಿ ಲೋಹಗಳ ಪ್ರಮಾಣ ಬಹುಮಟ್ಟಿಗೆ ಒಂದೇ ತೆರನಾಗಿತ್ತು. ಆದ್ದರಿಂದ ಎಲ್ಲ ನಕ್ಷತ್ರಗಳ ಸಂಯೋಜನೆಯೂ ಒಂದೇ ಎಂಬ ಭಾವನೆ ಬೆಳೆಯಿತು. 1944ರಲ್ಲಿ ವಾಲ್ಟರ್ ಬಾಡೆ ನಕ್ಷತ್ರಗಳನ್ನು ಎರಡು ಸಮುದಾಯಗಳಾಗಿ ವಿಂಗಡಿಸಿದ ಮೇಲೆ ಈ ಭಾವನೆಯನ್ನು ಮರುಪರಿಶೀಲಿಸುವ ಅಗತ್ಯ ಉಂಟಾಯಿತು.

1951ರಲ್ಲಿ ಜೋಸೆಫ್ ಚೇಂಬರ್ಲಿನ್ ಮತ್ತು ಲಾರೆನ್ಸ್ ಆಲರ್ ಎಚ್‌ಡಿ 19445 ಹಾಗೂ ಎಚ್‌ಡಿ 140283 ಎಂಬ ಎರಡು ನಕ್ಷತ್ರಗಳ ರೋಹಿತಗಳನ್ನು ವಿಶ್ಲೇಷಿಸಿದರು. ಅವುಗಳ ಲೋಹದ ಗೆರೆಗಳು ತೀರ ಮಸುಕಾಗಿದ್ದುದರಿಂದ ಅವುಗಳನ್ನು ಮೊದಲು ಹೆಚ್ಚು ಬಿಸಿಯಾದ ನಕ್ಷತ್ರಗಳೆಂದು ವರ್ಗೀಕರಿಸಲಾಗಿತ್ತು. ಅವು ವಾಸ್ತವದಲ್ಲಿ ಅಷ್ಟು ಬಿಸಿಯಾಗಿಲ್ಲ, ಗೆರೆಗಳು ಮಸುಕಾಗಿರುವುದು ಲೋಹದ ಕೊರತೆಯಿಂದ ಎಂದು ಇವರು ತೋರಿಸಿದರು. ಗೆರೆಯ ದಟ್ಟತೆಯಲ್ಲಿ ಉಷ್ಣತೆಯ ಪಾಲೆಷ್ಟು, ಪ್ರಮಾಣದ ಪಾಲೆಷ್ಟು ಎಂದು ಬಿಡಿಸಿ ನೋಡುವ ಈ ಕ್ರಮ ಪೇನ್ ಪ್ರಬಂಧದ ಕ್ರಮವೇ. ಆ ನಕ್ಷತ್ರಗಳ ಹೆಸರಿನಲ್ಲಿರುವ ಎಚ್‌ಡಿ ಎಂಬುದೂ, ಪೇನ್ ಬಳಸಿದ ಹೆನ್ರಿ ಡ್ರೇಪರ್ ಪಟ್ಟಿಯ ಹ್ರಸ್ವರೂಪ. ಇಂದಿನ ಅಳತೆಗಳಂತೆ ಎಚ್‌ಡಿ 140283ರಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನಲ್ಲಿರುವುದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಲೋಹಗಳು ಬಹುಪಾಲು ಹುಟ್ಟುವುದು ನಕ್ಷತ್ರಗಳ ಒಡಲಿನಲ್ಲಿ ಮತ್ತು ಅವುಗಳ ಸ್ಫೋಟದಲ್ಲಿ. ಒಂದು ತಲೆಮಾರಿನ ನಕ್ಷತ್ರಗಳು ಚೆಲ್ಲಿದ ಲೋಹ ಮುಂದಿನ ತಲೆಮಾರಿನ ನಕ್ಷತ್ರಗಳಲ್ಲಿ ಸೇರುತ್ತದೆ. ಆದ್ದರಿಂದ ಲೋಹ ಅತ್ಯಲ್ಪವಾಗಿರುವ ನಕ್ಷತ್ರಗಳು ವಿಶ್ವದ ಮೊದಲ ತಲೆಮಾರುಗಳಿಗೆ ಹತ್ತಿರದವು. ಅವುಗಳ ಹೊರಪದರದ ಸಂಯೋಜನೆಯನ್ನು ಅಳೆದರೆ ಆದಿಕಾಲದ ನಕ್ಷತ್ರಗಳು ಏನನ್ನು ಸೃಷ್ಟಿಸಿದವು ಎಂಬುದು ತಿಳಿಯುತ್ತದೆ. ರೋಹಿತವನ್ನು ಬಹಳ ಸೂಕ್ಷ್ಮವಾಗಿ ಬಿಡಿಸುವ ಉಪಕರಣದಿಂದ ಮಸುಕಾದ ಗೆರೆಗಳ ಅಗಲವನ್ನು ಅಳೆಯಲಾಗುತ್ತದೆ. ನಕ್ಷತ್ರದ ಉಷ್ಣತೆ ಮತ್ತು ಮೇಲ್ಮೈ ಗುರುತ್ವವನ್ನು ನಿರ್ಧರಿಸಿ, ಅದರ ವಾತಾವರಣದ ಮಾದರಿಯನ್ನು ಗಣಕಯಂತ್ರದಲ್ಲಿ ರೂಪಿಸಿ, ಕಂಡ ಗೆರೆಯನ್ನು ಮೂಡಿಸಲು ಎಷ್ಟು ಪರಮಾಣುಗಳು ಬೇಕೆಂದು ಲೆಕ್ಕಹಾಕಲಾಗುತ್ತದೆ. ಇಂದಿಗೂ ಈ ಲೆಕ್ಕದ ನಡುವಿನಲ್ಲಿ ಸಹಾ ಸಮೀಕರಣವಿದೆ.

2014ರಲ್ಲಿ ಆಸ್ಟ್ರೇಲಿಯದ ಖಗೋಳ ವಿಜ್ಞಾನಿಗಳ ತಂಡ ವರದಿ ಮಾಡಿದ ನಕ್ಷತ್ರವೊಂದರಲ್ಲಿ ಕಬ್ಬಿಣದ ಗೆರೆಗಳೇ ಕಾಣಲಿಲ್ಲ. ಅದರಲ್ಲಿ ಕಬ್ಬಿಣ ಇದ್ದರೂ ಸೂರ್ಯನಲ್ಲಿರುವುದರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು ಲೆಕ್ಕಹಾಕಲಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕದ ಮೂಲಕ ಲೋಹವಿರಳ ನಕ್ಷತ್ರಗಳ ರೋಹಿತಗಳನ್ನು ಅಧ್ಯಯನ ಮಾಡುತ್ತಿದ್ದಾರೆ.

ಗೌರವಗಳು

ಅಮೆರಿಕದ ಖಗೋಳ ವಿಜ್ಞಾನ ಸಂಘವು ಮಹಿಳಾ ವಿಜ್ಞಾನಿಗಳಿಗಾಗಿ ಸ್ಥಾಪಿಸಿದ ಆ್ಯನಿ ಜಂಪ್ ಕ್ಯಾನನ್ ಪುರಸ್ಕಾರ 1934ರಲ್ಲಿ ಮೊದಲ ಬಾರಿಗೆ ಸಂದದ್ದು ಪೇನ್ ಅವರಿಗೆ. 1936ರಲ್ಲಿ ಅಮೆರಿಕದ ಫಿಲಸಾಫಿಕಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1976ರಲ್ಲಿ ಖಗೋಳ ವಿಜ್ಞಾನ ಸಂಘದ ಅತ್ಯುನ್ನತ ಗೌರವ ಅವರಿಗೆ ಸಂದಿತು. ಆ ಗೌರವವಿರುವುದು, ಅರ್ಧ ಶತಮಾನದ ಹಿಂದೆ ಅವರ ಫಲಿತಾಂಶವನ್ನು ಅಲ್ಲಗಳೆದಿದ್ದ ಹೆನ್ರಿ ನಾರಿಸ್ ರಸೆಲ್ ಅವರ ಹೆಸರಿನಲ್ಲಿ. 2039 ಸಂಖ್ಯೆಯ ಕ್ಷುದ್ರಗ್ರಹಕ್ಕೆ ಪೇನ್-ಗಪೋಷ್ಕಿನ್ ಎಂದು ಹೆಸರಿಡಲಾಗಿದೆ. ಬ್ರಿಟನ್ನಿನ ಭೌತಶಾಸ್ತ್ರ ಸಂಸ್ಥೆ ಅವರ ಹೆಸರಿನಲ್ಲಿ ಪದಕವೊಂದನ್ನು ನೀಡುತ್ತದೆ.

ನಿಧನ

ಪೇನ್-ಗಪೋಷ್ಕಿನ್ 1979ರ ಡಿಸೆಂಬರ್ 7ರಂದು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ನಿಧನರಾದರು. ಅದೇ ವರ್ಷ ಖಾಸಗಿಯಾಗಿ ಅಚ್ಚಾಗಿದ್ದ ಅವರ ಆತ್ಮಕಥನವನ್ನು ಮಗಳು ಕ್ಯಾಥರಿನ್ ಸಂಪಾದಿಸಿ, ಇತರರ ನೆನಪುಗಳೊಂದಿಗೆ 1984ರಲ್ಲಿ ಪ್ರಕಟಿಸಿದರು. ಖಗೋಳ ವಿಜ್ಞಾನಿ ಆಟೊ ಸ್ಟ್ರೂವ್ ಅವರು ಪೇನ್ ಅವರ ಪ್ರಬಂಧವನ್ನು ಖಗೋಳ ವಿಜ್ಞಾನದಲ್ಲಿ ಅಲ್ಲಿಯವರೆಗೆ ಬಂದ ಡಾಕ್ಟರೇಟ್ ಪ್ರಬಂಧಗಳಲ್ಲೆಲ್ಲ ಶ್ರೇಷ್ಠವೆಂದು ಪರಿಗಣಿಸಿದ್ದರು. ಅಳತೆಯಿಂದ ಬಂದ ಅಂಕಿಗಳನ್ನು ಪೇನ್ ಆ ಪ್ರಬಂಧದಿಂದ ತೆಗೆದುಹಾಕಿರಲಿಲ್ಲ. ಅವುಗಳ ಮೇಲಿನ ಸಂಶಯವನ್ನಷ್ಟೇ ಪಕ್ಕದಲ್ಲಿ ಬರೆದಿದ್ದರು. ಕಾಲಕ್ರಮದಲ್ಲಿ ಸಂಶಯ ಬಿದ್ದುಹೋಗಿ, ಅಂಕಿಗಳು ನಿಂತವು.